ಅಣ್ಣನ ಕಾಲಿನ ಸರಪಳಿ, ಅಣ್ಣನ ಒಪ್ಪಿಗೆ

ಪ್ರಶ್ನೆ: ನನ್ನ ತವರು ಗಂಗಾವತಿ ಹತ್ತಿರದ ಹಳ್ಳಿ. ಮದುವೆಯಾಗಿ ಸಿಂಧನೂರಿನಲ್ಲಿದ್ದೇನೆ. ನನ್ನ ಅಣ್ಣನಿಗೆ 34 ವರ್ಷ. ಹನ್ನೊಂದು ವರ್ಷದಿಂದ ಮಾನಸಿಕ ಕಾಯಿಲೆ ಇದೆ. ಯಾರೋ ಕಿವಿಯಲ್ಲಿ ಮಾತಾಡುತ್ತಾರೆ ಅನ್ನುತ್ತಾನೆ. ದೇವರು, ತಾಯತ, ಯಂತ್ರ ಎಲ್ಲ ಆಯಿತು. ನಾಟಿ ಮತ್ತು ಕೊಯ್ಲಿನ ಸಮಯದಲ್ಲಿ ಮನೆಯಲ್ಲಿ ಯಾರೂ ಇರುವುದಿಲ್ಲ. ಎರಡು ಸಲ ಕಾಲುವೆ ಕಡೆ ಹೋಗಿದ್ದ. ಅದಕ್ಕೆ ಅವ್ವ ಅವನ ಕಾಲಿಗೆ ಸರಪಳಿ ಹಾಕಿ ದನದ ಮನೆಯಲ್ಲಿ ಕೂರಿಸಿ ಹೊಲಕ್ಕೆ ಹೋಗುತ್ತಾಳೆ. ಗುಳಿಗೆ ಬೇಡ ಅನ್ನುತ್ತಾನೆ, ಅವನಿಗೆ ಗೊತ್ತಾಗದಂತೆ ಸಾರಿನಲ್ಲಿ ಕಲಸಿ ಕೊಡುತ್ತೇವೆ. ಈಗ ಒಂದು ಖಾಸಗಿ ಸೆಂಟರ್‌ನವರು ತಾವೇ ಗಾಡಿ ತಂದು ಕರೆದುಕೊಂಡು ಹೋಗುತ್ತೇವೆ, ಮೂರು ತಿಂಗಳು ಯಾರೂ ನೋಡಲು ಬರಬಾರದು ಎಂದಿದ್ದಾರೆ. ಚಿಕ್ಕಪ್ಪ ‘ಹುಚ್ಚ ಅಂತ ಸರ್ಟಿಫಿಕೇಟ್ ಮಾಡಿಸಿಬಿಡಿ, ಜಮೀನಿನ ಪಾಲೂ ಸಲೀಸಾಗುತ್ತದೆ’ ಅನ್ನುತ್ತಾರೆ. ಅಣ್ಣನ ಒಪ್ಪಿಗೆ ಇಲ್ಲದೆ ಸೇರಿಸಬಹುದಾ? ಸರಪಳಿ ವಿಷಯ ಪೊಲೀಸರಿಗೆ ಗೊತ್ತಾದರೆ ಅವ್ವನಿಗೆ ತೊಂದರೆ ಆಗುತ್ತಾ?

ಉತ್ತರ: ತಂಗಿ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಅವ್ವ ಏನು ಮಾಡುತ್ತಾರೆ ಎಂದು ಬರೆದಿದ್ದೀರಿ. ಸೆಂಟರ್‌ನವರು ಏನಂದರು, ಚಿಕ್ಕಪ್ಪ ಏನಂದರು ಎಂದೂ ಬರೆದಿದ್ದೀರಿ. ಅಣ್ಣನ ಮಾತು ಮಾತ್ರ ಎರಡೇ ಎರಡು ಇವೆ. ಯಾರೋ ಕಿವಿಯಲ್ಲಿ ಮಾತಾಡುತ್ತಾರೆ ಅನ್ನುವುದು ಒಂದು, ಗುಳಿಗೆ ಬೇಡ ಅನ್ನುವುದು ಇನ್ನೊಂದು. ಗುಳಿಗೆ ಯಾಕೆ ಬೇಡ ಎಂದು ಈ ಹನ್ನೊಂದು ವರ್ಷದಲ್ಲಿ ಯಾರಾದರೂ ಅವರನ್ನು ಕೇಳಿದ್ದೀರಾ? ನಿಮ್ಮನ್ನು ದೂರಲು ಹೇಳುತ್ತಿಲ್ಲ. ಈಗಿರುವ ಕಾನೂನು ಪೂರ್ತಿ ಆ ಒಂದು ಪ್ರಶ್ನೆಯ ಮೇಲೇ ನಿಂತಿದೆ, ಅದಕ್ಕೆ ಹೇಳಿದೆ.

ಆ ಕಾನೂನಿನ ಹೆಸರು ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017. 2018ರ ಮೇ 29ರಿಂದ ಜಾರಿಯಲ್ಲಿದೆ. ಅದಕ್ಕೆ ಮೊದಲು 1987ರ ಕಾಯ್ದೆ ಇತ್ತು. ಅದಕ್ಕೂ ಮೊದಲು ಬ್ರಿಟಿಷರು 1912ರಲ್ಲಿ ಮಾಡಿದ್ದು. ಹಳೆಯವೆರಡೂ ಹೆಚ್ಚಾಗಿ ಕಾಯಿಲೆಯವರನ್ನು ಎಲ್ಲಿಡಬೇಕು, ಹೇಗೆ ಇಡಬೇಕು ಎಂದು ಯೋಚಿಸಿದವು. ಹೊಸದು ಅವರಿಗೆ ಏನು ಸಿಗಬೇಕು ಎಂದು ಕೇಳುತ್ತದೆ.

ಮೊದಲು ಸರಪಳಿ ವಿಷಯ. ನಿಮ್ಮ ಭಯ ಅದರಲ್ಲೇ ಇದೆ, ಅಲ್ವಾ?

ಕಾಯ್ದೆಯ 95ನೇ ಸೆಕ್ಷನ್‌ನಲ್ಲಿ ಮಾಡಲೇಬಾರದ ಕೆಲವು ಸಂಗತಿಗಳಿವೆ. ಮಾನಸಿಕ ಕಾಯಿಲೆ ಇರುವವರನ್ನು ಯಾವುದೇ ರೀತಿಯಲ್ಲಿ ಸರಪಳಿಯಿಂದ ಕಟ್ಟುವುದು ಅವುಗಳಲ್ಲಿ ಒಂದು. ಅದಕ್ಕೆ ವಿನಾಯಿತಿ ಇಲ್ಲ. ಆ ಸಾಲಿನ ಹಿಂದೆ ಬೆಂಕಿಯಲ್ಲಿ ಬೆಂದವರ ಕತೆ ಇದೆ. 2001ರ ಆಗಸ್ಟ್ 6ರಂದು ತಮಿಳುನಾಡಿನ ಎರ್ವಾಡಿಯಲ್ಲಿ, ದರ್ಗಾದ ಹತ್ತಿರ ರೋಗಿಗಳನ್ನು ಇಟ್ಟಿದ್ದ ಒಂದು ಗುಡಿಸಲಿಗೆ ಬೆಂಕಿ ಬಿತ್ತು. ಒಳಗಿದ್ದವರ ಕಾಲಿಗೆ ಸರಪಳಿ ಇತ್ತು. ಓಡಲು ಆಗಲಿಲ್ಲ. 28 ಜನ ಸತ್ತರು. ಆಮೇಲೂ ಇದು ನಿಲ್ಲಲಿಲ್ಲ. 2019ರ ಜನವರಿಯಲ್ಲಿ ಉತ್ತರ ಪ್ರದೇಶದ ಬದಾಯೂಂನಲ್ಲಿ ರೋಗಿಗಳನ್ನು ಸರಪಳಿಯಲ್ಲಿ ಇಟ್ಟಿದ್ದ ವಿಷಯ ಸುಪ್ರೀಂ ಕೋರ್ಟಿನ ಮುಂದೆ ಬಂತು. ಇದು ಸಂವಿಧಾನ ಕೊಟ್ಟ ಬದುಕುವ ಹಕ್ಕಿಗೇ ವಿರುದ್ಧ ಎಂದು ಕೋರ್ಟ್ ಹೇಳಿತು. ದನದ ಮನೆಯಲ್ಲಿ ಕಟ್ಟಿದವರ ವಿಷಯದಲ್ಲಿ ನನಗೆ ಮೊದಲು ನೆನಪಾಗುವುದು ಎರ್ವಾಡಿ. ಹುಲ್ಲಿನ ಬಣವೆ ಪಕ್ಕದಲ್ಲೇ ಇರುತ್ತದೆ. ಒಂದು ಕಿಡಿ ಸಾಕು.

ಆದರೂ ನಿಮ್ಮ ಅವ್ವನನ್ನು ಕೆಟ್ಟವರು ಎಂದು ನಾನು ಅಂದುಕೊಳ್ಳಲಾರೆ. ಬಹಳ ವರ್ಷಗಳ ಹಿಂದೆ ಸಿರುಗುಪ್ಪ ಕಡೆಯ ಒಂದು ಮನೆಗೆ ಹೋಗಿದ್ದೆ. ಮಗನ ಕಾಲಿಗೆ ಸರಪಳಿ ಇತ್ತು. ಬಗ್ಗಿ ನೋಡಿದರೆ ಹರಡಿನ ಹತ್ತಿರ ಸರಪಳಿಗೆ ಬಟ್ಟೆ ಸುತ್ತಿತ್ತು. ಅದು ತಾಯಿಯ ಹಳೇ ಇಳಕಲ್ ಸೀರೆಯ ಸೆರಗು. ಚರ್ಮ ಕಿತ್ತುಬರಬಾರದು ಎಂದು ಅವರೇ ಸುತ್ತಿದ್ದರು. ಎರಡು ದಿನಕ್ಕೊಮ್ಮೆ ಬಿಚ್ಚಿ, ಕೊಬ್ಬರಿ ಎಣ್ಣೆ ಹಚ್ಚಿ, ಮತ್ತೆ ಸುತ್ತುತ್ತಿದ್ದರು. ಕೀಲಿಕೈ ಅವರ ಎಲೆ ಅಡಿಕೆ ಚಂಚಿಯಲ್ಲಿತ್ತು. ಬೇರೆ ಯಾರ ಕೈಗೂ ಕೊಡುತ್ತಿರಲಿಲ್ಲ. ಆ ಸೆರಗು ಇವತ್ತಿಗೂ ನನ್ನ ಕಣ್ಣ ಮುಂದಿದೆ. ಆ ತಾಯಿ ಮಗನನ್ನು ಉಳಿಸಿಕೊಳ್ಳಲು ತನಗೆ ಗೊತ್ತಿದ್ದ ಒಂದೇ ದಾರಿ ಹಿಡಿದಿದ್ದರು. ಬೇರೆ ದಾರಿ ಇದೆ ಎಂದು ಅವರ ಮನೆ ತನಕ ಬಂದು ಯಾರೂ ಹೇಳಿರಲಿಲ್ಲ.

ಪೊಲೀಸರ ವಿಷಯ ನೇರವಾಗಿ ಹೇಳುತ್ತೇನೆ. ತಮ್ಮ ಠಾಣೆಯ ಸರಹದ್ದಿನಲ್ಲಿ ಮಾನಸಿಕ ಕಾಯಿಲೆ ಇರುವವರಿಗೆ ಹಿಂಸೆ ಆಗುತ್ತಿದೆ, ಅಥವಾ ಅವರನ್ನು ಯಾರೂ ನೋಡಿಕೊಳ್ಳುತ್ತಿಲ್ಲ ಎಂದು ಕಂಡರೆ ಠಾಣಾಧಿಕಾರಿ ಕೂಡಲೇ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ಇದು 101ನೇ ಸೆಕ್ಷನ್. ಮ್ಯಾಜಿಸ್ಟ್ರೇಟರು ಆ ವ್ಯಕ್ತಿಯನ್ನು ಸರ್ಕಾರಿ ಆಸ್ಪತ್ರೆಗೆ ತಪಾಸಣೆಗೆ ಕಳಿಸಬಹುದು, ಬೇಕಿದ್ದರೆ ಹತ್ತು ದಿನದ ಮಟ್ಟಿಗೆ ದಾಖಲು ಮಾಡಿಸಬಹುದು. ಕಾಯ್ದೆ ಮೀರಿದವರಿಗೆ ಶಿಕ್ಷೆಯೂ ಇದೆ. ಮೊದಲ ಸಲಕ್ಕೆ ಆರು ತಿಂಗಳವರೆಗೆ ಜೈಲು, ಇಲ್ಲವೇ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಹಾಗಾಗಿ ‘ಏನೂ ಆಗಲ್ಲ ಬಿಡಿ’ ಎಂದು ನಾನು ಹೇಳುವಂತಿಲ್ಲ. ಆದರೆ ಮುಚ್ಚಿಟ್ಟುಕೊಂಡು ಸಿಕ್ಕಿಬೀಳುವುದು ಬೇರೆ, ನೀವೇ ಆಸ್ಪತ್ರೆಗೆ ಹೋಗಿ ‘ಹೀಗಾಗಿದೆ, ಬಿಡಿಸಲು ಸಹಾಯ ಮಾಡಿ’ ಎಂದು ಕೇಳುವುದು ಬೇರೆ. ನಾನು ಕಂಡ ಮನೆಗಳಲ್ಲಿ ಹಾಗೆ ಕೇಳಿಕೊಂಡು ಬಂದ ತಾಯಿಯರಿಗೆ ಸಿಕ್ಕಿದ್ದು ಚಿಕಿತ್ಸೆ, ಕೇಸ್ ಅಲ್ಲ. ಮೊದಲು ಸರಪಳಿ ಬಿಚ್ಚಿ. ನಾಟಿ ಮುಗಿಯುವ ತನಕ ಹಗಲು ಒಬ್ಬರು ಮನೆಯಲ್ಲಿರುವಂತೆ ಸರದಿ ಹಾಕಿಕೊಳ್ಳಿ. ಒಂದು ಆಳಿನ ಕೂಲಿ ಹೋದರೂ ಹೋಗಲಿ.

ಕಾಲುವೆ ಮಾತು ನನ್ನನ್ನು ಕಾಡುತ್ತಿದೆ. ಅಣ್ಣ ಅಲ್ಲಿಗೆ ಸುಮ್ನೆ ಹೋಗಿದ್ದರಾ, ಸಾಯಬೇಕು ಎಂದು ಹೋಗಿದ್ದರಾ? ಇದನ್ನು ಅವರನ್ನೇ ಕೇಳಿ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕೀತು ಎಂಬ ಹೆದರಿಕೆ ಬಹಳ ಜನರಿಗೆ ಇದೆ. ಹಾಗೆ ಆಗುವುದಿಲ್ಲ. ಕೇಳಿದರೆ ಎದೆ ಹಗುರವಾಗುವುದೇ ಜಾಸ್ತಿ. ಆತ್ಮಹತ್ಯೆಗೆ ಪ್ರಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಈ ಕಾಯ್ದೆ ಭಾವಿಸುತ್ತದೆ. ಅವರನ್ನು ಶಿಕ್ಷಿಸುವಂತಿಲ್ಲ, ಆರೈಕೆ ಕೊಡುವುದು ಸರ್ಕಾರದ ಹೊಣೆ. ಆದ್ದರಿಂದ ಕೇಸ್ ಆಗುತ್ತದೆ ಎಂದು ಹೆದರಿ ಡಾಕ್ಟರ ಹತ್ತಿರ ಮುಚ್ಚಿಡಬೇಡಿ. ರಾತ್ರಿ ಹಗಲು ಯಾವಾಗ ಬೇಕಾದರೂ 14416ಕ್ಕೆ ಫೋನ್ ಮಾಡಬಹುದು. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಈಗ ನಿಮ್ಮ ಮುಖ್ಯ ಪ್ರಶ್ನೆ. ಒಪ್ಪಿಗೆ ಇಲ್ಲದೆ ಸೇರಿಸಬಹುದಾ?

ಕಾಯಿಲೆ ಇದೆ ಎಂದ ಮಾತ್ರಕ್ಕೆ ಅಣ್ಣನಿಗೆ ತೀರ್ಮಾನ ಮಾಡಲು ಬರುವುದಿಲ್ಲ ಎಂದು ಕಾನೂನು ಅಂದುಕೊಳ್ಳುವುದಿಲ್ಲ. ಡಾಕ್ಟರ್ ಹೇಳಿದ್ದು ಅರ್ಥವಾಗುತ್ತಾ, ಚಿಕಿತ್ಸೆ ತಗೊಂಡರೆ ಏನಾದೀತು, ಬಿಟ್ಟರೆ ಏನಾದೀತು ಎಂಬುದು ತಿಳಿಯುತ್ತಾ, ತನ್ನ ತೀರ್ಮಾನವನ್ನು ಮಾತಲ್ಲೋ ಸನ್ನೆಯಲ್ಲೋ ಹೇಳಬಲ್ಲರಾ ಎಂದು ನೋಡುತ್ತಾರೆ. ನಮಗೆ ಅವರ ತೀರ್ಮಾನ ತಪ್ಪು ಅನ್ನಿಸಬಹುದು. ಅಷ್ಟರಿಂದಲೇ ಅವರಿಗೆ ತಿಳಿವಳಿಕೆ ಇಲ್ಲ ಎಂದಾಗುವುದಿಲ್ಲ. ನಾವು ನೀವು ಸಕ್ಕರೆ ಕಾಯಿಲೆ ಇಟ್ಟುಕೊಂಡು ಹೋಳಿಗೆ ತಿನ್ನುವುದಿಲ್ಲವೇ?

ಅವರೇ ಒಪ್ಪಿ ದಾಖಲಾದರೆ ಎಲ್ಲಕ್ಕಿಂತ ಒಳ್ಳೆಯದು. ಹಾಗೆ ಬಂದವರು ಹೊರಡುತ್ತೇನೆ ಎಂದರೆ ಬಿಡಬೇಕು. ಡಾಕ್ಟರಿಗೆ ಗಂಭೀರ ಅನುಮಾನ ಇದ್ದರೆ, ಪರೀಕ್ಷೆ ಮಾಡಿ ನೋಡಲು 24 ಗಂಟೆ ತಡೆಯಬಹುದು, ಅಷ್ಟೇ.

ಒಪ್ಪದಿದ್ದಾಗ 89ನೇ ಸೆಕ್ಷನ್ ಇದೆ. ಇದರಲ್ಲಿ ಮನೆಯವರ ಅರ್ಜಿ ಒಂದೇ ಸಾಲುವುದಿಲ್ಲ. ಒಬ್ಬ ಮನೋವೈದ್ಯರು, ಅವರ ಜೊತೆ ಇನ್ನೊಬ್ಬ ವೈದ್ಯರು ಅಥವಾ ಮಾನಸಿಕ ಆರೋಗ್ಯ ತಜ್ಞರು ಬೇರೆ ಬೇರೆಯಾಗಿ ಅಣ್ಣನನ್ನು ನೋಡಬೇಕು. ನೋಡುವುದು ದಾಖಲಾಗುವ ದಿನ, ಇಲ್ಲವೇ ಹಿಂದಿನ ಏಳು ದಿನದ ಒಳಗೆ ಆಗಿರಬೇಕು. ಇತ್ತೀಚೆಗೆ ತನಗೆ ತಾನೇ ಅಪಾಯ ಮಾಡಿಕೊಳ್ಳಲು ಹೋಗಿರಬೇಕು, ಇಲ್ಲವೇ ಬೇರೆಯವರ ಮೇಲೆ ಕೈ ಮಾಡಿರಬೇಕು, ಇಲ್ಲವೇ ಅಪಾಯವಾಗುವಷ್ಟು ತನ್ನನ್ನು ತಾನು ನೋಡಿಕೊಳ್ಳಲು ಆಗದೆ ಇರಬೇಕು. ಬೇರೆ ಹಗುರವಾದ ದಾರಿ ಇಲ್ಲ ಎಂದೂ ಅವರಿಗೆ ಅನ್ನಿಸಬೇಕು. ಆಗ ಹೆಚ್ಚೆಂದರೆ 30 ದಿನ ಇಟ್ಟುಕೊಳ್ಳಬಹುದು. ದಾಖಲು ಮಾಡಿಕೊಂಡ ವಿಷಯವನ್ನು ಆಸ್ಪತ್ರೆಯವರು ಏಳು ದಿನದಲ್ಲಿ, ಇಂಥ ದಾಖಲಾತಿಗಳನ್ನು ಪರಿಶೀಲಿಸುವ ಮಾನಸಿಕ ಆರೋಗ್ಯ ಪುನರ್ವಿಮರ್ಶಾ ಮಂಡಳಿಗೆ ತಿಳಿಸಬೇಕು. ಹೆಣ್ಣುಮಕ್ಕಳು ಅಥವಾ 18 ತುಂಬದವರಾದರೆ ಮೂರೇ ದಿನ. ಒಳಗಿದ್ದಾಗಲೂ ವಾರಕ್ಕೊಮ್ಮೆ ಅವರು ಸ್ವತಃ ತೀರ್ಮಾನ ಮಾಡುವ ಸ್ಥಿತಿಗೆ ಬಂದರಾ ಎಂದು ನೋಡುತ್ತಿರಬೇಕು. 30 ದಿನ ದಾಟಿಸಬೇಕಾದರೆ ಇಬ್ಬರು ಮನೋವೈದ್ಯರು ನೋಡಬೇಕು, ಮಂಡಳಿ ಒಪ್ಪಬೇಕು.

ಒಂದು ತುರ್ತು ದಾರಿಯೂ ಇದೆ. ಜೀವಕ್ಕೆ ಅಪಾಯ ಎನ್ನುವಂಥ ಗಳಿಗೆಯಲ್ಲಿ ಯಾವುದೇ ನೋಂದಾಯಿತ ಎಂಬಿಬಿಎಸ್ ಡಾಕ್ಟರೂ 72 ಗಂಟೆವರೆಗೆ ಚಿಕಿತ್ಸೆ ಕೊಡಬಹುದು. ಮನೋವೈದ್ಯರೇ ಬೇಕೆಂದಿಲ್ಲ. ಹತ್ತಿರದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರ ಬಿಟ್ಟರೆ ಇನ್ನೇನೂ ಇಲ್ಲದ ಹಳ್ಳಿಗಳಲ್ಲಿ ಇದು ನೆನಪಿರಬೇಕು.

ಇಷ್ಟು ತಿಳಿದ ಮೇಲೆ ಆ ಸೆಂಟರ್‌ನವರ ಮಾತನ್ನು ಪಕ್ಕದಲ್ಲಿಟ್ಟು ನೋಡಿ. ಗಾಡಿ ತರುತ್ತಾರೆ. ಯಾವ ಡಾಕ್ಟರ್ ಮನೆಗೆ ಬಂದು ಅಣ್ಣನನ್ನು ನೋಡಿದರು? ಮೂರು ತಿಂಗಳು ಎನ್ನುತ್ತಾರೆ. ಒಪ್ಪಿಗೆ ಇಲ್ಲದೆ ಸೇರಿಸಿದವರಿಗೆ ಕಾನೂನು ಮೊದಲ ಸಲಕ್ಕೆ ಕೊಟ್ಟಿದ್ದು 30 ದಿನ. ಯಾರೂ ಬರಬಾರದು ಎನ್ನುತ್ತಾರೆ. ಬಂದವರನ್ನು ನೋಡುವ, ಬೇಡ ಎನ್ನುವ, ಫೋನ್‌ನಲ್ಲಿ ಮಾತಾಡುವ ಹಕ್ಕು ಅಣ್ಣನದು, ಸೆಂಟರ್‌ನವರದಲ್ಲ. ಮಾನಸಿಕ ಕಾಯಿಲೆಯವರನ್ನು ಇಟ್ಟುಕೊಳ್ಳುವ ಯಾವ ಜಾಗವೇ ಆಗಲಿ, ಕಾಯ್ದೆಯ ಕೆಳಗೆ ನೋಂದಣಿ ಆಗಿರಬೇಕು. ಆ ನೋಂದಣಿ ಪತ್ರ ತೋರಿಸಿ ಎಂದು ಕೇಳಿ. ‘ಆಮೇಲೆ ತೋರಿಸುತ್ತೇವೆ’ ಎಂದರೆ ಅಣ್ಣನನ್ನು ಆ ಗಾಡಿ ಹತ್ತಿಸಬೇಡಿ. ಇಂಥ ಒಂದು ಜಾಗದಿಂದ ಬಂದ ಹುಡುಗನೊಬ್ಬ ನಮ್ಮಲ್ಲಿ ಮೊದಲ ಮೂರು ಸಲ ಬಂದಾಗಲೂ ಟವೆಲ್ ತಲೆ ಮೇಲಿಂದ ತೆಗೆಯಲಿಲ್ಲ. ಅಲ್ಲಿ ಎಲ್ಲರಿಗೂ ತಲೆ ಬೋಳಿಸುತ್ತಿದ್ದರಂತೆ. ಹೇನು ಆಗುತ್ತದೆ ಎಂಬುದು ಕಾರಣ. ಬಲವಂತವಾಗಿ ತಲೆ ಬೋಳಿಸಬಾರದು ಎಂದು ಈ ಕಾಯ್ದೆಯಲ್ಲಿ ಬಿಡಿಸಿ ಬರೆದಿದೆ. ಸಮವಸ್ತ್ರ ಹಾಕಿಕೊಳ್ಳಲೇಬೇಕು ಎನ್ನುವಂತಿಲ್ಲ. ದುಡಿಸಿದರೆ ಕೂಲಿ ಕೊಡಬೇಕು. ಪಾಯಿಖಾನೆಯಲ್ಲಿ ಮರೆ ಇರಬೇಕು. ಹೆಣ್ಣುಮಕ್ಕಳಿಗೆ ಮುಟ್ಟಿನ ಪ್ಯಾಡ್ ಕೊಡಬೇಕು. ಇಂಥ ಸಣ್ಣ ಮಾತುಗಳನ್ನೂ ಕಾನೂನಿನಲ್ಲಿ ಬರೆಯಬೇಕಾಯಿತು ಎಂದರೆ ಮೊದಲು ಏನೇನು ನಡೆಯುತ್ತಿತ್ತು ಎಂದು ನೀವೇ ಊಹಿಸಿ. ಪ್ರಜ್ಞೆ ತಪ್ಪಿಸದೆ ಕರೆಂಟ್ ಚಿಕಿತ್ಸೆ ಕೊಡುವುದನ್ನೂ 95ನೇ ಸೆಕ್ಷನ್ ನಿಷೇಧಿಸಿದೆ.

ಸಾರಿನಲ್ಲಿ ಗುಳಿಗೆ ಕಲಸುವ ವಿಷಯಕ್ಕೆ ಬರೋಣ. ನೀವೊಬ್ಬರೇ ಅಲ್ಲ, ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಇದು ನಡೆಯುತ್ತದೆ. ನಿಲ್ಲಿಸಲು ಹೇಳುತ್ತೇನೆ, ಆದರೆ ನಾಳೆ ಬೆಳಿಗ್ಗೆಯೇ ಅಲ್ಲ. ಗುಳಿಗೆಯನ್ನು ಒಮ್ಮೆಲೇ ಬಿಟ್ಟರೆ ಕಾಯಿಲೆ ಮತ್ತೆ ಏರಬಹುದು. ಹೀಗೆ ಕೊಡುತ್ತಿದ್ದೇವೆ ಎಂದು ಮೊದಲು ಡಾಕ್ಟರಿಗೆ ಹೇಳಿ. ಊಟದಲ್ಲಿ ಯಾರೋ ಏನೋ ಹಾಕುತ್ತಿದ್ದಾರೆ ಎಂಬ ಅನುಮಾನ ಈ ಕಾಯಿಲೆಯಲ್ಲಿ ಮೊದಲೇ ಇರುತ್ತದೆ. ಒಂದು ದಿನ ನಿಜವಾಗಿಯೂ ಬಟ್ಟಲಿನ ತಳದಲ್ಲಿ ಬಿಳಿ ಪುಡಿ ಕಂಡರೆ ಆಮೇಲೆ ಅವ್ವನ ಕೈ ಊಟವನ್ನೂ ಅವರು ನಂಬುವುದಿಲ್ಲ. ಇನ್ನೊಂದು ಅಪಾಯವೂ ಇದೆ. ಲಿಥಿಯಂ ಎಂಬ ಗುಳಿಗೆ ಇದೆ. ಮೈಯಲ್ಲಿ ನೀರು ಕಡಿಮೆಯಾದರೆ ರಕ್ತದಲ್ಲಿ ಅದು ಏರಿ ವಿಷವಾಗುತ್ತದೆ. ರಾಯಚೂರು, ಕೊಪ್ಪಳದ ಬೇಸಿಗೆ ನಿಮಗೆ ಗೊತ್ತೇ ಇದೆ. ತಾನು ಅದನ್ನು ತಗೊಳ್ಳುತ್ತಿದ್ದೇನೆ ಎಂದೇ ಗೊತ್ತಿಲ್ಲದವರು ನೀರು ಜಾಸ್ತಿ ಕುಡಿಯಬೇಕು ಎಂದು ಹೇಗೆ ತಿಳಿದಾರು? ಕೈ ನಡುಗಿದರೆ ಯಾರಿಗೆ ಹೇಳಿಯಾರು?

ಬೇಡ ಅನ್ನುವುದಕ್ಕೆ ಬಹಳ ಸಲ ಕಾರಣ ಇರುತ್ತದೆ. ಸೆರಗು ಸುತ್ತಿದ ಸರಪಳಿಯ ಆ ಯುವಕನನ್ನೇ ನೋಡಿ. ಮನೆಯವರು ‘ಔಷಧಿ ಅಂದರೆ ಹೊಡೆಯಲು ಬರುತ್ತಾನೆ’ ಎಂದಿದ್ದರು. ನಾನು ಪಕ್ಕದಲ್ಲಿ ಕೂತು ಯಾಕೆ ಬೇಡ ಎಂದು ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದು ಹೇಳಿದರು: “ಗುಳಗಿ ಬ್ಯಾಡ ಅನ್ನಂಗಿಲ್ರಿ ಅಕ್ಕಾರ. ಸೂಜಿ ಬ್ಯಾಡ. ಸೂಜಿ ಹಾಕಿದ್ರ ಕುತ್ತಿಗಿ ಒಂದ್ ಕಡೆ ಎಳಕೊಂತತಿ, ನಾಲಿಗಿ ಹೊರಳಂಗಿಲ್ಲ.” ಅದು ಕೆಲವು ಚುಚ್ಚುಮದ್ದಿನಿಂದ ನಿಜವಾಗಿಯೂ ಆಗುವ ತೊಂದರೆ. ಅದಕ್ಕೆ ಔಷಧಿ ಇದೆ, ಬೇರೆ ಗುಳಿಗೆಯೂ ಇದೆ. ಡಾಕ್ಟರ್ ಬದಲಿಸಿದರು. ಅವತ್ತಿನಿಂದ ಅವರು ತಾವೇ ಕೈ ಚಾಚಿ ಗುಳಿಗೆ ತಗೊಂಡರು. ಆರು ವರ್ಷದಿಂದ ಅವರು ಹೇಳುತ್ತಿದ್ದ ‘ಬೇಡ’ ಎಂಬ ಮಾತಿನಲ್ಲಿ ಒಂದು ದೂರು ಇತ್ತು. ಎಲ್ಲರೂ ಅದನ್ನು ಕಾಯಿಲೆಯ ಮಾತು ಅಂದುಕೊಂಡಿದ್ದರು.

ಚಿಕ್ಕಪ್ಪನ ಸಲಹೆ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮಾನಸಿಕ ಕಾಯಿಲೆ ಇದೆ ಎಂದು ಡಾಕ್ಟರ್ ಬರೆದರೂ, ಅಷ್ಟಕ್ಕೇ ಯಾರೂ ಬುದ್ಧಿ ಸ್ವಾಧೀನದಲ್ಲಿ ಇಲ್ಲದವರು ಎಂದಾಗುವುದಿಲ್ಲ. ಅದನ್ನು ಕೋರ್ಟ್ ಮಾತ್ರ ಹೇಳಬೇಕು. ಪಹಣಿಯಲ್ಲಿ ಅಣ್ಣನ ಹೆಸರು ಇದ್ದರೆ ಇದ್ದೇ ಇರುತ್ತದೆ. ಆ ಪಾಲು ಅವರದೇ. ಮಾಡಿಸಬೇಕಾದ ಬೇರೆ ಸರ್ಟಿಫಿಕೇಟ್ ಒಂದಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಮಾನಸಿಕ ಕಾಯಿಲೆಯೂ ಸೇರಿದೆ. ದೀರ್ಘಕಾಲದ ಕಾಯಿಲೆಯಿಂದ ಕೆಲಸ ಮಾಡಲು ಕಷ್ಟವಾಗಿದ್ದರೆ ವೈದ್ಯಕೀಯ ಮಂಡಳಿ ಪರೀಕ್ಷಿಸಿದ ಮೇಲೆ ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರ ಗುರುತಿನ ಚೀಟಿ, ಸಿಗುತ್ತದೆ. ಮಾಸಾಶನಕ್ಕೆ ಅದು ಬೇಕಾಗುತ್ತದೆ.

ಇನ್ನು ಎಲ್ಲಿಗೆ ಹೋಗಬೇಕು? ಬಡತನದ ರೇಖೆಗಿಂತ ಕೆಳಗಿರುವವರಿಗೆ, ಬಿಪಿಎಲ್ ಕಾರ್ಡ್ ಕೈಯಲ್ಲಿ ಇಲ್ಲದಿದ್ದರೂ, ಸರ್ಕಾರಿ ಆಸ್ಪತ್ರೆಯಲ್ಲಿ ಈ ಚಿಕಿತ್ಸೆ ಉಚಿತವಾಗಿ ಸಿಗಬೇಕು ಎಂದು ಕಾಯ್ದೆ ಹೇಳುತ್ತದೆ. ನಮ್ಮ ಭಾಗದವರು ಇದನ್ನು ಕೇಳಲು ಹಿಂಜರಿಯಲೇಬಾರದು. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹುಟ್ಟಿದ್ದೇ ನಮ್ಮ ಬಳ್ಳಾರಿಯಲ್ಲಿ. 1985ರಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯನ್ನು ಆರಿಸಿಕೊಂಡು, ಪ್ರಾಥಮಿಕ ಆರೋಗ್ಯ ಕೇಂದ್ರಗಳ ಡಾಕ್ಟರಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟರು. ದೊಡ್ಡ ಊರಿಗೆ ಅಲೆಯದೆ ಊರ ಹತ್ತಿರವೇ ಚಿಕಿತ್ಸೆ ಸಿಗಬಹುದು ಎಂದು ತೋರಿಸಿಕೊಟ್ಟರು. ಅದನ್ನೇ ಮಾದರಿ ಮಾಡಿಕೊಂಡು 1996ರಲ್ಲಿ ಕೇಂದ್ರ ಸರ್ಕಾರ ಬೇರೆ ಜಿಲ್ಲೆಗಳಲ್ಲಿ ಶುರು ಮಾಡಿತು. ಇವತ್ತಿಗೂ ಅದನ್ನು ಬಳ್ಳಾರಿ ಮಾದರಿ ಎಂದೇ ಕರೆಯುತ್ತಾರೆ. ಆ ನೆಲದ ಪಕ್ಕದಲ್ಲೇ ಕೂತು ನಾವು ಮಕ್ಕಳನ್ನು ದನದ ಮನೆಯಲ್ಲಿ ಕಟ್ಟಬೇಕಾ?

ಕರ್ನಾಟಕದಲ್ಲಿ ಮನೋಚೈತನ್ಯ ಎಂಬ ಕಾರ್ಯಕ್ರಮದ ಕೆಳಗೆ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆ ಇದೆ. ನಿಮ್ಮ ಕಡೆ ಯಾವ ಮಂಗಳವಾರ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ. ಕೊಪ್ಪಳ, ರಾಯಚೂರು, ಬಳ್ಳಾರಿ ಮೂರರಲ್ಲೂ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಇದೆ. ದಾಖಲು ಮಾಡಲೇಬೇಕಾಗಿ ಬಂದರೆ ಧಾರವಾಡದಲ್ಲಿ ಡಿಮ್ಹಾನ್ಸ್ ಎಂಬ ಸರ್ಕಾರಿ ಮಾನಸಿಕ ಆಸ್ಪತ್ರೆ ಇದೆ. ಅಣ್ಣ ಮೊದಲ ದಿನ ಬರಲು ಒಪ್ಪದಿದ್ದರೆ ನೀವು, ಅವ್ವ ಇಬ್ಬರೇ ಹೋಗಿ ಬನ್ನಿ. ಅಲ್ಲಿನ ಸಮಾಜ ಕಾರ್ಯಕರ್ತರ ಹತ್ತಿರ ಎಲ್ಲ ಹೇಳಿ.

ಆಸ್ಪತ್ರೆಯಲ್ಲೋ ಸೆಂಟರ್‌ನಲ್ಲೋ ಅನ್ಯಾಯವಾದರೆ ಆಗಲೇ ಹೇಳಿದ ಪುನರ್ವಿಮರ್ಶಾ ಮಂಡಳಿಗೆ ಅರ್ಜಿ ಕೊಡಬಹುದು. ಅದರ ಅಧ್ಯಕ್ಷರು ಜಿಲ್ಲಾ ನ್ಯಾಯಾಧೀಶರ ದರ್ಜೆಯವರು ಅಥವಾ ಹಾಗೆ ಇದ್ದು ನಿವೃತ್ತರಾದವರು. ಅರ್ಜಿಗೆ ಶುಲ್ಕ ಇಲ್ಲ. ನಿಮ್ಮ ಜಿಲ್ಲೆಗೆ ಸೇರಿದ ಮಂಡಳಿ ಎಲ್ಲಿ ಕೂರುತ್ತದೆ ಎಂದು ಕೋರ್ಟಿನ ಆವರಣದಲ್ಲಿರುವ ಕಾನೂನು ಸೇವಾ ಪ್ರಾಧಿಕಾರದ ಕಚೇರಿಯಲ್ಲಿ ಕೇಳಿ. ಅಣ್ಣನಿಗೂ ನಿಮಗೂ ಇಬ್ಬರಿಗೂ ಅಲ್ಲಿ ಉಚಿತ ವಕೀಲರು ಸಿಗುತ್ತಾರೆ. ಕಾಯಿಲೆ ಕಾರಣಕ್ಕೆ ಅವರಿಗೆ, ಹೆಣ್ಣುಮಗಳು ಎಂಬ ಕಾರಣಕ್ಕೆ ನಿಮಗೆ. ಆದಾಯ ಎಷ್ಟು ಎಂದು ನೋಡುವುದಿಲ್ಲ.

ಅಣ್ಣ ಸ್ವಲ್ಪ ಸುಧಾರಿಸಿಕೊಂಡ ಮೇಲೆ ಎರಡು ಕಾಗದ ಮಾಡಿಸಿ. ಒಂದು, ಮುಂದೆ ಕಾಯಿಲೆ ಜಾಸ್ತಿಯಾಗಿ ತನಗೆ ತಿಳಿಯದ ಸ್ಥಿತಿ ಬಂದರೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಈಗಲೇ ಬರೆದಿಡುವುದು. ಆ ಸಿರುಗುಪ್ಪದ ಯುವಕ ‘ಸೂಜಿ ಬೇಡ, ಗುಳಿಗೆ ಆಗುತ್ತದೆ’ ಎಂದು ಬರೆಸಬಹುದಾದ ಕಾಗದ ಅದು. ಇದನ್ನು ಮಂಡಳಿಯಲ್ಲಿ ನೋಂದಾಯಿಸಬೇಕು. ತುರ್ತು ಚಿಕಿತ್ಸೆಗೆ ಮಾತ್ರ ಅದು ಅನ್ವಯಿಸುವುದಿಲ್ಲ. ಇನ್ನೊಂದು, ತನ್ನ ಪರವಾಗಿ ಯಾರು ನಿಲ್ಲಬೇಕು ಎಂದು ಹೆಸರಿಸುವುದು. ಇದಕ್ಕೆ ನಾಮನಿರ್ದೇಶಿತ ಪ್ರತಿನಿಧಿ ಎನ್ನುತ್ತಾರೆ. ಅಣ್ಣ ಯಾರನ್ನೂ ಹೆಸರಿಸದಿದ್ದರೆ ಆ ಜಾಗಕ್ಕೆ ಸಂಬಂಧಿಕರು ಬರುತ್ತಾರೆ. ಸಂಬಂಧಿಕರಲ್ಲಿ ಚಿಕ್ಕಪ್ಪನೂ ಒಬ್ಬರು. ಹೆಸರಿಸಿದರೆ ಆ ಹೆಸರೇ ಮೊದಲು. ಅದು ನೀವೇ ಆಗಬೇಕೆಂದೇನೂ ಇಲ್ಲ, ಅವ್ವ ಆಗಬಹುದು, ಅಣ್ಣನ ಗೆಳೆಯ ಆಗಬಹುದು. ಆಮೇಲೆ ಅವರು ಮನಸ್ಸು ಬದಲಿಸಿದರೆ ಬದಲಿಸಲೂಬಹುದು.

ಈ ಎರಡನೇ ಕಾಗದಕ್ಕೆ ಸ್ಟಾಂಪ್ ಪೇಪರ್ ಬೇಕಿಲ್ಲ. ನೋಟ್‌ಬುಕ್ಕಿನ ಒಂದು ಬಿಳಿ ಹಾಳೆ ಸಾಕು. ಯಾರ ಹೆಸರು ಬರೆಯಲಿ ಎಂದು ಅಣ್ಣನನ್ನು ಕೇಳಿ. ಅವರು ಹೇಳಿದ ಹೆಸರನ್ನೇ ಬರೆಯಿರಿ. ಕೆಳಗೆ ಅವರ ಸಹಿ ಇರಲಿ, ಸಹಿ ಬರದಿದ್ದರೆ ಹೆಬ್ಬೆಟ್ಟು.